ಬಲಗಡೆಯ ಹೂವಿಗಿಂತ ಮೊದಲೇ

ಪರೀಕ್ಷೆಯ ಫಲಿತಾಂಶ ಹತ್ತಿರ ಬಂತೆಂದರೆ ನಮ್ಮಂಥವರ ಭಕ್ತಿಯೂ ಏರುತ್ತದೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವು ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗುತ್ತೇವೆ. ಅತ್ತ ಊರಲ್ಲಿ ಅವ್ವ ದೇವರ ಮುಂದೆ ನಿಂತು ಪ್ರಸಾದ ಕೇಳುತ್ತಾಳೆ. ಮೂರ್ತಿಯ ಬಲಗಡೆಯಿಂದ ಹೂವು ಬಿದ್ದರೆ ಕೆಲಸ ಆಯಿತೆಂದೇ ಲೆಕ್ಕ. ಈ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ಬಲಕ್ಕೆ ಪ್ರಸಾದ ಆತು’ ಎಂದು ಅವ್ವ ಫೋನಿನಲ್ಲಿ ಹೇಳುವಾಗಿನ ಧೈರ್ಯ ನನಗೂ ಬೇಕು. ಆದರೆ ನಾವು ಕೇಳಿದ್ದಕ್ಕೆ ದೇವರು ಕೊಡುವ ಉತ್ತರವನ್ನಷ್ಟೇ ಕಾಯುತ್ತಾ, ಅವನು ತಾನಾಗಿ ಹೇಳುವ ಮಾತಿಗೆ ಕಿವುಡಾಗುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ.

ಆ ಮಾತು ಕನಸಿನಲ್ಲಿ ಬರಬೇಕಿಲ್ಲ. ಪ್ರದಕ್ಷಿಣೆ ಹಾಕುವಾಗಲೋ, ದೀಪ ಹಚ್ಚುವಾಗಲೋ ಸುಮ್ಮನೆ ಯಾರದೋ ಮುಖ ನೆನಪಾಗುತ್ತದೆ. ‘ಧ್ಯಾನ ಕೆಟ್ಟಿತು’ ಎಂದು ನಾವು ಅದನ್ನು ತಳ್ಳಿಬಿಡುತ್ತೇವೆ.

ಒಂದು ಶನಿವಾರ ದರ್ಶನದ ಸಾಲಿನಲ್ಲಿದ್ದಾಗ ಪಕ್ಕದ ರೂಮಿನ ಗೆಳೆಯ ನೆನಪಾದ. ಆಯ್ಕೆಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಎರಡು ದಿನದಿಂದ ಖಾನಾವಳಿಯಲ್ಲೂ ಕಂಡಿರಲಿಲ್ಲ. ದರ್ಶನ ಮುಗಿಸಿ ಹೋದರಾಯಿತು ಎಂದುಕೊಂಡರೂ ಮನಸ್ಸು ಬಿಡಲಿಲ್ಲ. ಸಾಲು ಬಿಟ್ಟು ಬಂದು ಅವನ ಬಾಗಿಲು ಬಡಿದೆ. ‘ಊಟಕ್ಕ ಬರ್ತಿಯೇನಲೇ?’ ಎಂದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ರೊಟ್ಟಿ ಮುರಿಯುತ್ತಲೇ ಅವನು ಅತ್ತುಬಿಟ್ಟ. ಅಂದು ರಾತ್ರಿ ನನ್ನೆದುರೇ ಅಪ್ಪನಿಗೆ ಫೋನ್ ಹಚ್ಚಿ ಫಲಿತಾಂಶ ಹೇಳಿದ. ಅವನ ಮನಸ್ಸಿನಲ್ಲಿ ಆ ದಿನ ಏನಿತ್ತೆಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ. ಇದನ್ನು ಪವಾಡ ಎನ್ನುತ್ತಿಲ್ಲ. ನನ್ನ ಪಾಲಿಗೆ ಅಂದಿನ ದರ್ಶನ ಅದೇ ಆಗಿತ್ತು.

‘ಅದು ದೇವರ ಪ್ರೇರಣೆಯೋ, ನಿನ್ನ ಮನಸ್ಸಿನ ಆಟವೋ ಹೇಗೆ ಗೊತ್ತು?’ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಯಾಕೆಂದರೆ ‘ಈ ಸಲ ದುಡ್ಡು ಕೊಟ್ಟರೆ ಕೆಲಸ ಆಗುತ್ತೆ ಅಂತ ಒಳಮನಸ್ಸು ಹೇಳ್ತಿದೆ’ ಎಂದು ದಲ್ಲಾಳಿಗಳ ಹಿಂದೆ ಹೋಗುವವರೂ ನಮ್ಮ ನಡುವೆ ಇದ್ದಾರೆ. ಅಲ್ಲಿ ಮಾತಾಡುವುದು ಆಸೆ. ಭಯವೂ ದೇವರ ದನಿಯನ್ನು ಅಣಕಿಸಬಲ್ಲದು.

1933ರ ಮೇ 8ರಂದು ಗಾಂಧೀಜಿ ಯರವಾಡ ಜೈಲಿನಲ್ಲಿ 21 ದಿನಗಳ ಉಪವಾಸ ಆರಂಭಿಸಿದಾಗ, ಅದು ಅಂತರಂಗದ ದನಿಯ ಅಪ್ಪಣೆ ಎಂದಿದ್ದರು. ಅದನ್ನು ಅನುಮಾನಿಸಿದವರೂ ಇದ್ದರು. ಆದರೆ ಅಂಥ ದನಿ ಕೇಳಿಸಲು ದೀರ್ಘಕಾಲದ ಶಿಸ್ತು ಬೇಕು ಎಂಬುದು ಗಾಂಧೀಜಿಯ ನಿಲುವಾಗಿತ್ತು. ಅಷ್ಟು ದೊಡ್ಡ ಅಪ್ಪಣೆ ನಮಗೆ ಬರಲಾರದು. ನಮ್ಮ ಅಳತೆಗೆ ನಾನು ಎರಡು ಒರೆಗಲ್ಲು ಇಟ್ಟುಕೊಂಡಿದ್ದೇನೆ.

ಮೊದಲನೆಯದು, ಆ ಪ್ರೇರಣೆಯಿಂದ ಕಷ್ಟ ಯಾರಿಗೆ, ಲಾಭ ಯಾರಿಗೆ? ಕಷ್ಟ ನನ್ನದು, ಒಳಿತು ಇನ್ನೊಬ್ಬರದಾದರೆ ನಂಬಬಹುದು. ಎರಡನೆಯದು, ಅದನ್ನು ಹತ್ತಿರದವರ ಮುಂದೆ ಬಾಯಿಬಿಟ್ಟು ಹೇಳಬಲ್ಲೆನೇ? ಆಯ್ದಕ್ಕಿ ಮಾರಯ್ಯನವರ ಕಥೆ ನಮಗೆಲ್ಲ ಗೊತ್ತು. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಮರಳಿ ಸುರಿದು ಬರುವಂತೆ ಹೇಳಿದ್ದು ಮಡದಿ ಲಕ್ಕಮ್ಮ. ಶರಣರಿಗೂ ಎಚ್ಚರಿಕೆಯ ದನಿ ಮನೆಯವರ ಬಾಯಿಂದ ಬಂತು. ಹಾಗಿರುವಾಗ ಅವ್ವನೋ ಗೆಳೆಯನೋ ‘ಬೇಡ’ ಎಂದರೆ ನಾವು ಒಂದು ಗಳಿಗೆ ನಿಂತು ಯೋಚಿಸಬೇಕಲ್ಲವೇ?

ಇನ್ನೊಂದು ಮಾತು. ಪ್ರೇರಣೆ ನಮ್ಮನ್ನು ಒಬ್ಬರ ಬಾಗಿಲವರೆಗೆ ಕರೆದೊಯ್ಯಬಹುದು, ಮುಂದಿನದಕ್ಕೆ ತಿಳಿವಳಿಕೆಯೂ ಬೇಕು. ಗೆಳೆಯನ ಸಂಕಟ ನಮ್ಮ ಕೈಮೀರಿದೆ ಅನ್ನಿಸಿದರೆ ಅವನ ಮನೆಯವರಿಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ.

ನೇಮಕಾತಿ ಆದೇಶ ಕೈಗೆ ಬಂದ ಮೇಲೆಯೇ ನಮ್ಮಿಂದ ಯಾರಿಗಾದರೂ ಉಪಯೋಗ ಎಂದು ನಾವು ನಂಬಿಬಿಟ್ಟಿದ್ದೇವೆ. ದೇವರಿಗೆ ಆ ಆದೇಶದ ಪ್ರತಿ ಬೇಕಿಲ್ಲ. ನಿರುದ್ಯೋಗಿಗೂ ಅವನು ದಿನಾ ಒಂದಲ್ಲ ಒಂದು ಕೆಲಸ ಹೇಳುತ್ತಲೇ ಇರುತ್ತಾನೆ.