ಯಾರ ಮೇಲೆ ಬೀಳುವ ಮಾತು?

1914ರ ಏಪ್ರಿಲ್‌ನಲ್ಲಿ ಲಂಡನ್ನಿನ ರಂಗಭೂಮಿಯ ಮೇಲೆ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ನಾಯಕಿ ‘ಬ್ಲಡಿ’ ಎಂದಾಗ ಪತ್ರಿಕೆಗಳು ಹುಯಿಲೆಬ್ಬಿಸಿದವು. ಇಂದು ಅದೇ ಮಾತನ್ನು ಅಲ್ಲಿನ ಅಜ್ಜಿಯರು ಮಳೆಯನ್ನು ಶಪಿಸಲು ಆಡುತ್ತಾರೆ. ಬೈಗುಳದ ಕಾವನ್ನು ನಿಘಂಟು ಅಳೆಯಲಾರದು. ಒಂದು ಸಮಾಜ ಯಾವುದಕ್ಕೆ ಅಂಜುತ್ತದೆಯೋ ಅದೇ ಅದರ ಅಳತೆಗೋಲು.

ಇಂಗ್ಲಿಷರು ಹಿಂದೆ ಅಂಜಿದ್ದು ದೇವರಿಗೆ, ನರಕಕ್ಕೆ. ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ 10 ಪೌಂಡ್ ದಂಡವೆಂದು 1606ರ ಕಾಯಿದೆ ವಿಧಿಸಿತ್ತು. ‘ಡ್ಯಾಮ್’ ಎಂದರೆ ನರಕಕ್ಕೆ ನೂಕುವ ಶಾಪ. ನರಕವನ್ನು ನಂಬಿದವರಿಗೆ ಅದು ಘೋರ ಮಾತು. ಹಾಗಾಗಿ ಜನ ‘ಗಾಡ್’ ಅನ್ನು ‘ಗಾಶ್’ ಎಂದೂ ‘ಡ್ಯಾಮ್’ ಅನ್ನು ‘ಡಾರ್ನ್’ ಎಂದೂ ‘ಹೆಲ್’ ಅನ್ನು ‘ಹೆಕ್’ ಎಂದೂ ಮರೆಮಾಚಿದರು. ಅಮೆರಿಕದಲ್ಲಿ 1939ರಷ್ಟು ಈಚೆಗೂ ‘ಗಾನ್ ವಿತ್ ದ ವಿಂಡ್’ ಚಿತ್ರದ ಒಂದು ‘ಡ್ಯಾಮ್’ ಉಳಿಸಿಕೊಳ್ಳಲು ನಿರ್ಮಾಪಕ ಸೆಲ್ಜ್‌ನಿಕ್ ಹೋರಾಡಬೇಕಾಯಿತು. ನರಕದ ಭಯ ಕರಗಿದಂತೆ ಶಾಪ ಸವೆದು, ಮಾತಿಗೆ ಒತ್ತು ಕೊಡುವ ಕೆಲಸವಷ್ಟೇ ಅದಕ್ಕೆ ಉಳಿಯಿತು.

ಅಳತೆಗೋಲು ಊರಿಂದೂರಿಗೂ ಬೇರೆ. 2006ರಲ್ಲಿ ಆಸ್ಟ್ರೇಲಿಯಾ ತನ್ನ ಪ್ರವಾಸೋದ್ಯಮದ ಜಾಹೀರಾತಿನಲ್ಲಿ ‘ಬ್ಲಡಿ ಹೆಲ್’ ಎಂದು ಸಲಿಗೆಯಿಂದ ಕರೆದರೆ, ಬ್ರಿಟನ್ನಿನ ಟೀವಿ ಕೆಲಕಾಲ ಅದಕ್ಕೆ ತಡೆಯೊಡ್ಡಿತು. ನಮ್ಮ ಸಿನಿಮಾ ಖಳರಿಂದ ನಾವು ಕಲಿತದ್ದು ‘ಬ್ಲಡಿ ಫೂಲ್’; ಇಲ್ಲಿ ಆ ಪದ ಎದುರಿಗಿದ್ದವನಿಗೇ ತಾಗುತ್ತದೆ. ಆ ಕಿವಿಯೊಂದಿಗೆ ಲಂಡನ್ನಿಗೆ ಹೋದ ಕನ್ನಡಿಗನಿಗೆ, ಮೇಲಧಿಕಾರಿ ಅವನ ಕೆಲಸವನ್ನು ‘ಬ್ಲಡಿ ಗುಡ್’ ಎಂದರೆ ಹೊಗಳಿಕೆಯೂ ಚುಚ್ಚೀತು.

ಮೆದುವಾದ ಬೈಗುಳವೂ ನಾಲಿಗೆಯನ್ನು ಒರಟಾಗಿಸುತ್ತದೆ ಎಂಬ ಆಕ್ಷೇಪವಿದೆ. ಹಿರಿಯರೆದುರು, ತರಗತಿಯಲ್ಲಿ, ನ್ಯಾಯಾಲಯದಲ್ಲಿ ಅದು ಸಲ್ಲದೆಂಬುದನ್ನು ಒಪ್ಪುತ್ತೇನೆ. ಆದರೆ ತಪ್ಪಿಹೋದ ರೈಲಿಗೆ ‘ಡ್ಯಾಮ್’ ಎಂದರೆ ಯಾರ ಮಾನಕ್ಕೂ ಕುಂದಿಲ್ಲ. ಒಬ್ಬರ ಬಣ್ಣ, ಜಾತಿ, ಅಂಗವೈಕಲ್ಯವನ್ನು ಹಿಡಿದು ಆಡಿದ ಮಾತು ಎಷ್ಟೇ ಮೆಲ್ಲಗಿರಲಿ, ಮನುಷ್ಯನನ್ನು ಕೀಳಾಗಿಸುತ್ತದೆ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ವೀಕ್ಷಕರನ್ನು ಕೇಳಿ ಪದಗಳನ್ನು ವರ್ಗೀಕರಿಸಿದಾಗಲೂ ‘ಬ್ಲಡಿ’ ಸೌಮ್ಯವೆನಿಸಿತು, ಜನಾಂಗ ನಿಂದನೆ ಅತಿ ಕಟುವೆನಿಸಿತು. ದೇವರ ಬಗೆಗಿನ ಅಂಜಿಕೆಯ ಜಾಗಕ್ಕೆ ಮನುಷ್ಯನ ಘನತೆಯ ಬಗೆಗಿನ ಎಚ್ಚರ ಬಂದಿರುವುದು ಒಳ್ಳೆಯ ಬೆಳವಣಿಗೆ.

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಇಂಥ ಪದಗಳನ್ನು ಮುಚ್ಚಿಡುವುದಕ್ಕಿಂತ, ಅವು ಎಲ್ಲಿ ಯಾರಿಗೆ ತಾಗುತ್ತವೆಂದು ತಿಳಿಸಿಕೊಡುವುದೇ ಸರಿಯಾದ ಶಿಕ್ಷಣ.