ಬುರುಗುಂಟೆಯ ವಿಶ್ವವಿದ್ಯಾಲಯ

ಮಹದೇವಪುರದ ಟೆಕ್ ಪಾರ್ಕುಗಳನ್ನು ದಾಟಿ, ವರ್ತೂರು, ದೊಮ್ಮಸಂದ್ರದ ದೂಳು ಕುಡಿದು ಸರ್ಜಾಪುರದತ್ತ ಹೋದರೆ ಬುರುಗುಂಟೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸಿಗುತ್ತದೆ. 2010ರಲ್ಲಿ ರಾಜ್ಯದ ಕಾಯ್ದೆಯ ಮೂಲಕ ಹುಟ್ಟಿದ ಈ ಖಾಸಗಿ ವಿಶ್ವವಿದ್ಯಾಲಯ ಮೊದಲ ವರ್ಷಗಳನ್ನು ಎಲೆಕ್ಟ್ರಾನಿಕ್ ಸಿಟಿ ಬಳಿ ಕಳೆಯಿತು. ಸಾಫ್ಟ್‌ವೇರ್ ದುಡ್ಡಿನಲ್ಲಿ ಎದ್ದರೂ ಎಂಜಿನಿಯರಿಂಗ್ ಗೀಳಿಗೆ ಬೀಳದೆ ಶಿಕ್ಷಣ, ಅಭಿವೃದ್ಧಿ, ಸಾರ್ವಜನಿಕ ನೀತಿಯಂಥ ವಿಷಯಗಳನ್ನು ಹಿಡಿದದ್ದು ಮೆಚ್ಚತಕ್ಕದ್ದೇ. ಮನೆಯ ಆದಾಯ ನೋಡಿ ಶುಲ್ಕ ಮನ್ನಾ ಮಾಡುವ ಪದ್ಧತಿಯಿಂದ ಹಳ್ಳಿ ಮಕ್ಕಳೂ ಇಲ್ಲಿನ ಹಾಸ್ಟೆಲ್ ಸೇರಿದ್ದಾರೆ.

ದೇಶದ ಉದ್ಯೋಗ ಸ್ಥಿತಿ ಕುರಿತು ಇಲ್ಲಿನ ಸಂಶೋಧಕರು 2018ರಿಂದ ತರುತ್ತಿರುವ 'ಸ್ಟೇಟ್ ಆಫ್ ವರ್ಕಿಂಗ್ ಇಂಡಿಯಾ' ವರದಿ ದೆಹಲಿಯಲ್ಲೂ ಚರ್ಚೆಯಾಗುತ್ತದೆ. ಆ ವರದಿ ಹೇಳುವ ಜನ ಗೇಟಿನಾಚೆಯೇ ಇದ್ದಾರೆ: ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಗಾರೆ ಕೆಲಸದವರು, ಊಟದ ಪೊಟ್ಟಣ ಹೊತ್ತು ಸಿಗ್ನಲ್ಲಿನಲ್ಲಿ ಕಾಯುವ ಡೆಲಿವರಿ ಹುಡುಗರು. ಆ ವರದಿ ಅವರ ಕೈಗೂ ಸೇರಬೇಕು; ದಾರಿ ಇಲ್ಲೇ ಇದೆ. ಶಿಕ್ಷಣ ಸಾಹಿತ್ಯವನ್ನು ಕನ್ನಡಕ್ಕೆ ತರುವ 'ಅನುವಾದ ಸಂಪದ' ಈ ವಿಶ್ವವಿದ್ಯಾಲಯದ್ದೇ ಕೆಲಸ. ಸದ್ದಿಲ್ಲದೆ ನಡೆದಿರುವ ಒಳ್ಳೆಯ ಕೆಲಸ. ಅದೇ ಜಾಡಿನಲ್ಲಿ ಉದ್ಯೋಗ ವರದಿಯ ಸಾರವೂ ಸರಳ ಕನ್ನಡದಲ್ಲಿ ಅಚ್ಚಾಗಿ ಇದೇ ಆನೇಕಲ್ ತಾಲ್ಲೂಕಿನ ಪಂಚಾಯಿತಿ ಗ್ರಂಥಾಲಯಗಳ ಮೇಜಿಗೆ ಬರಲಿ. ಕೂಲಿ ಎಷ್ಟು ಏರಿದೆ, ಎಲ್ಲಿ ನಿಂತಿದೆ ಎಂದು ಕೂಲಿಯವರೂ ಓದಿಕೊಳ್ಳಲಿ.