ದೆವ್ವ ವಾಡೆಯಲ್ಲಿಲ್ಲ

ಊರಿಂದ ಪುಣೆಗೆ ಬಂದವರೆಲ್ಲ ಕೇಳೋದು ಒಂದೇ: ಶನಿವಾರವಾಡೆಯಲ್ಲಿ ದೆವ್ವ ಇದೆಯಂತಲ್ಲ? ಹುಣ್ಣಿಮೆ ರಾತ್ರಿ ‘ಕಾಕಾ, ಮಲಾ ವಾಚವಾ’ ಅಂತ ಕೂಗುತ್ತಂತಲ್ಲ? ಆಯ್ತು, ಆ ಕಾಕಾ ಯಾರು? 1773ರ ಆಗಸ್ಟ್ 30ರಂದು ಎಳೆಯ ಪೇಶ್ವೆ ನಾರಾಯಣರಾಯನನ್ನು ಕೊಂದವರು ಕಾವಲಿನ ಗಾರ್ದಿಗಳು. ಚಿಕ್ಕಪ್ಪ ರಘುನಾಥರಾಯನೇ ತಪ್ಪಿತಸ್ಥ ಎಂದವರು ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ. ಕೊಲೆ ಮನೆಯೊಳಗಿನದು, ದೆವ್ವದ ಕಥೆ ಅದನ್ನು ಮರೆಸುತ್ತೆ.

ಸ್ಟೀಫನ್ ಕಿಂಗ್‌ನ ‘ದಿ ಶೈನಿಂಗ್’ (1977) ಓದಿದವರೂ ಹೋಟೆಲಿನ ದೆವ್ವಗಳನ್ನಷ್ಟೇ ನೆನಪಿಡ್ತಾರೆ. ಚಳಿಗಾಲವಿಡೀ ಕೊಲರಾಡೊ ಬೆಟ್ಟದ ಖಾಲಿ ಹೋಟೆಲನ್ನು ಕಾಯಲು ಹೆಂಡತಿ, ಮಗುವಿನ ಜೊತೆ ಹೋದವನು ಜ್ಯಾಕ್. ಆದರೆ ಅವನು ಮಗನ ಕೈ ಮುರಿದದ್ದು ಅಲ್ಲಿಗೆ ಕಾಲಿಡುವ ಮೊದಲೇ, ಕುಡಿತದ ದಿನಗಳಲ್ಲಿ. ದೆವ್ವಗಳು ಆ ಸಿಟ್ಟಿಗೆ ಗಾಳಿ ಹಾಕಿದವು, ಹಿಮ ದಾರಿ ಮುಚ್ಚಿತು, ಅಷ್ಟೆ.

ಪುಣೆಯ ಬಾಡಿಗೆ ಮನೆಗೆ ಹಿಮ ಬೇಕಿಲ್ಲ. ಮಾತು ತಿಳಿಯದ ನೆರೆಹೊರೆ, ಗಂಡನ ಕೈಯಲ್ಲೇ ಇರೋ ದುಡ್ಡು, ‘ಸ್ವಲ್ಪ ಹೊಂದಿಕೊಂಡು ಹೋಗವ್ವ’ ಅನ್ನೋ ತವರಿನ ಫೋನು. ದಾರಿ ಮುಚ್ಚೋಕೆ ಇಷ್ಟು ಸಾಕು. ದೆವ್ವದ ಸುದ್ದಿ ಆಮೇಲಿರಲಿ. ಮಗಳ ದನಿ ಯಾಕೆ ಸಣ್ಣಗಾಗಿದೆ ಅಂತ ಕೇಳಿ. ‘ಬಂದುಬಿಡವ್ವ’ ಅನ್ನಿ.